ಎಡ ಹುಬ್ಬಿನ ತುದಿ: ಮೈಕ್ರೋಬ್ಲೇಡಿಂಗ್ ನಂತರದ ಆರೈಕೆಯ ಒಂದು ಪ್ರಕರಣ ಅಧ್ಯಯನ

ಕರಾವಳಿಯ ಒಂದು ಪಟ್ಟಣದಲ್ಲಿರುವ ನನ್ನ ಸ್ಟುಡಿಯೋದಲ್ಲಿ ಹುಬ್ಬಿಗೆ ಮೈಕ್ರೋಬ್ಲೇಡಿಂಗ್ ಮಾಡಿಸಿಕೊಂಡ ಮಹಿಳೆಯೊಬ್ಬರ ಪ್ರಕರಣವನ್ನು ಇಲ್ಲಿ ದಾಖಲಿಸಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಅವರ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ದಿನಗಳ ಲೆಕ್ಕವನ್ನಾಗಲಿ, ಚರ್ಮದಲ್ಲಿ ಕಂಡದ್ದನ್ನಾಗಲಿ, ಯಾವ ಹಂತದಲ್ಲಿ ಯಾರು ಏನನ್ನು ತೀರ್ಮಾನಿಸಿದರು ಎಂಬುದನ್ನಾಗಲಿ ಬದಲಿಸಿಲ್ಲ. ಬರಹದುದ್ದಕ್ಕೂ ಅವರನ್ನು ಶಿಕ್ಷಕಿ ಎಂದೇ ಕರೆಯುತ್ತೇನೆ. ತೊಡಕು ಕಾಣಿಸಿಕೊಂಡದ್ದು ಅವರು ಮನೆಗೆ ಹೋದ ಮೇಲೆ. ಅದಕ್ಕೆ ದಾರಿ ಮಾಡಿಕೊಟ್ಟ ತಪ್ಪುಗಳಲ್ಲಿ ಕನಿಷ್ಠ ಮೂರು ನನ್ನವೇ ಆಗಿದ್ದುದರಿಂದ ಈ ಬರಹದ ಅಗತ್ಯ ಕಂಡಿತು.

ಹಿನ್ನೆಲೆ

ಶಿಕ್ಷಕಿಗೆ ಆಗ ನಲವತ್ತು ದಾಟಿತ್ತು. ಥೈರಾಯ್ಡ್ ಕೊರತೆಗಾಗಿ ಹಲವು ವರ್ಷಗಳಿಂದ ಲೀವೋಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಎರಡೂ ಹುಬ್ಬುಗಳ ಹೊರತುದಿ, ಅಂದರೆ ಸುಮಾರು ಮೂರನೆಯ ಒಂದು ಪಾಲು, ಬಹುತೇಕ ಬೋಳಾಗಿತ್ತು. ಥೈರಾಯ್ಡ್ ಕೊರತೆ ಇರುವವರಲ್ಲಿ ಹುಬ್ಬಿನ ತುದಿ ಹೀಗೆ ಉದುರುವುದನ್ನು ವೈದ್ಯರು ಹೆರ್ಟೋಗ್ ಚಿಹ್ನೆ ಎನ್ನುತ್ತಾರೆ. ಅವರ ಥೈರಾಯ್ಡ್ ಪ್ರಮಾಣ ಹತೋಟಿಯಲ್ಲಿತ್ತು, ಸಕ್ಕರೆ ಕಾಯಿಲೆ ಇರಲಿಲ್ಲ, ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಪೆನ್ಸಿಲಿನಿಂದ ತುದಿ ತಿದ್ದಿಕೊಂಡು ಶಾಲೆಗೆ ಹೋಗುತ್ತಿದ್ದರು. ಮಾರ್ಚ್ ಬಂತೆಂದರೆ ಮೂರನೆಯ ಪೀರಿಯಡ್ ಹೊತ್ತಿಗೆ ಅದು ಬೆವರಿನೊಂದಿಗೆ ಕರಗಿ ಕಣ್ಣಂಚಿಗೆ ಇಳಿಯುತ್ತಿತ್ತಂತೆ. ಮಗಳ ನಿಶ್ಚಿತಾರ್ಥ ಮೇ ಕೊನೆಯ ವಾರಕ್ಕೆ ಗೊತ್ತಾಗಿತ್ತು. ಬೇಸಿಗೆ ರಜೆ ಸಿಕ್ಕ ಕೂಡಲೇ, ಏಪ್ರಿಲ್ ಎರಡನೆಯ ವಾರದಲ್ಲಿ, ಅವರು ನನ್ನ ಬಳಿ ಬಂದರು.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಸಾಲಾಗಿ ಜೋಡಿಸಿದ ಅತಿಸಣ್ಣ ಸೂಜಿಗಳ ಕೈಉಪಕರಣದಿಂದ ಹುಬ್ಬಿನ ಕೂದಲಿನಂತಹ ಗೆರೆಗಳನ್ನು ಚರ್ಮದಲ್ಲಿ ಕೊರೆದು ಬಣ್ಣ ಕೂರಿಸುವುದನ್ನು ಮೈಕ್ರೋಬ್ಲೇಡಿಂಗ್ ಎನ್ನುತ್ತೇವೆ. ಬಣ್ಣವು ಚರ್ಮದ ಮೇಲ್ಪದರವನ್ನು ದಾಟಿ ಒಳಪದರದ ಮೇಲಂಚಿನಲ್ಲಿ ನಿಲ್ಲಬೇಕು. ಮೇಲ್ಪದರದಲ್ಲೇ ಉಳಿದರೆ ಆ ಪದರ ಸವೆದು ಉದುರುವಾಗ ಕೆಲವೇ ವಾರಗಳಲ್ಲಿ ಬಣ್ಣವೂ ಉದುರುತ್ತದೆ. ಆಳಕ್ಕೆ ಹೋದರೆ ಗೆರೆ ಹರಡಿಕೊಂಡು ನೀಲಿ ಛಾಯೆಗೆ ತಿರುಗುತ್ತದೆ. ನಮ್ಮ ಅಜ್ಜಿಯಂದಿರ ಕೈಮೇಲೆ ಕೊರವಂಜಿಯರು ಹಾಕಿದ ಹಚ್ಚೆ ಹಸಿರುನೀಲಿಯಾಗಿ ಕಾಣುವುದಕ್ಕೂ ಈ ಆಳವೇ ಕಾರಣ. ಒಳ್ಳೆಯ ಮೈಕ್ರೋಬ್ಲೇಡಿಂಗ್ ಒಂದರಿಂದ ಒಂದೂವರೆ ವರ್ಷ ನಿಲ್ಲುತ್ತದೆ. ಮೊದಲ ಕೂರಿಕೆಯಾದ ಆರರಿಂದ ಎಂಟು ವಾರಗಳಿಗೆ, ಬಣ್ಣ ಹಿಡಿಯದ ಜಾಗಗಳನ್ನು ತಿದ್ದಲು, ಒಂದು ಟಚ್‌ಅಪ್ ಇರುತ್ತದೆ. ಉಳಿದದ್ದೆಲ್ಲ ಗಾಯ ಹೇಗೆ ಮಾಯುತ್ತದೆ ಎಂಬುದರ ಮೇಲೆ ನಿಂತಿದೆ, ಏಕೆಂದರೆ ಇದು ಎಷ್ಟೇ ನವಿರಾಗಿದ್ದರೂ ಗಾಯವೇ.

ಶಿಕ್ಷಕಿಯ ಚರ್ಮವು ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಅವರ ಹೆಸರಿನ ವರ್ಗೀಕರಣದಲ್ಲಿ ಐದನೆಯ ಬಗೆಗೆ, ಅಂದರೆ ಕಂದು ಚರ್ಮದ ಬಗೆಗೆ, ಸೇರುತ್ತಿತ್ತು. 1975ರಲ್ಲಿ ರೂಪುಗೊಂಡ ಈ ವರ್ಗೀಕರಣ ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಆಧರಿಸಿದೆ. ದಕ್ಷಿಣ ಭಾರತದ ಬಹುಪಾಲು ಜನ ನಾಲ್ಕರಿಂದ ಆರರೊಳಗೆ ಬರುತ್ತಾರೆ. ಈ ಚರ್ಮಕ್ಕೆ ಉರಿಯೂತ ತಗುಲಿದರೆ ಅದು ಹೋದ ಮೇಲೂ ಕಂದು ಕಲೆ ಉಳಿಯುವ ಸಂಭವ ಹೆಚ್ಚು. ಹೀಗಾಗಿ ಹಿಂದಿನ ಎರಡು ದಿನಗಳಲ್ಲಿ ಕಿವಿಯ ಹಿಂದೆ ಬಣ್ಣವನ್ನೂ ಮರಗಟ್ಟಿಸುವ ಮುಲಾಮನ್ನೂ ಪರೀಕ್ಷಿಸಿದ್ದೆ, ಏನೂ ಆಗಿರಲಿಲ್ಲ. ಅರ್ಜಿಯಲ್ಲಿ ‘ಅಲರ್ಜಿ ಇದೆಯೇ’ ಎಂಬ ಪ್ರಶ್ನೆಗೆ ಅವರು ‘ಇಲ್ಲ’ ಎಂದು ಬರೆದಿದ್ದರು. ಆ ಒಂದು ಪದ ಮುಂದೆ ಮತ್ತೆ ಬರಲಿದೆ.

ಕೂರಿಕೆಯ ದಿನ ಬಲ ಹುಬ್ಬು ಸರಾಗವಾಗಿ ಮುಗಿಯಿತು. ಎಡ ಹುಬ್ಬಿನ ತುದಿಯಲ್ಲಿ ಚರ್ಮ ತೆಳುವಾಗಿತ್ತು, ಬಣ್ಣ ಸರಿಯಾಗಿ ಹಿಡಿಯಲಿಲ್ಲ. ಎರಡು ಸಲ ಎಳೆದ ಗೆರೆಗಳ ಮೇಲೆ ಮೂರನೆಯ ಸಲ ಎಳೆದೆ. ‘ಎಡ ತುದಿ, ಮೂರನೆಯ ಸಲ, ತುಸು ರಕ್ತ’ ಎಂದು ನನ್ನ ದಾಖಲೆಯಲ್ಲಿದೆ. ಕನ್ನಡಿಯಲ್ಲಿ ಎರಡೂ ಸರಿಸಮವಾಗಿ ಕಾಣಲಿ ಎಂಬ ಆಸೆಗೆ ಮಾಡಿದ ಕೆಲಸವಿದು; ಟಚ್‌ಅಪ್ ಇರುವುದೇ ಇಂತಹ ಜಾಗಗಳಿಗೆ ಎಂಬುದನ್ನು ತಿಳಿದೂ ಮಾಡಿದೆ.

ಕಾರ್ಡು ಮತ್ತು ಕನ್ನಡಿ

ಆರೈಕೆಯ ಸೂಚನೆಗಳನ್ನು ನಾನು ಹೇಳಿದ್ದು ಅವರು ಕನ್ನಡಿ ನೋಡಿಕೊಳ್ಳುತ್ತಿದ್ದಾಗ. ಮೊದಲ ದಿನ ಒಸರುವ ನೀರನ್ನು ಗಂಟೆಗೊಮ್ಮೆ ಸ್ವಚ್ಛ ಗಾಜ್ ಬಟ್ಟೆಯಿಂದ ಒತ್ತಿ ತೆಗೆಯಬೇಕು, ಏಕೆಂದರೆ ಅದು ಅಲ್ಲೇ ಒಣಗಿದರೆ ಹಕ್ಕಳೆ ದಪ್ಪವಾಗುತ್ತದೆ. ಎರಡನೆಯ ದಿನದಿಂದ ಬೆಳಿಗ್ಗೆ, ರಾತ್ರಿ ಕುದಿಸಿ ಆರಿಸಿದ ನೀರಿನಿಂದ ಒರೆಸಿ, ಒತ್ತಿ ಒಣಗಿಸಿ, ಎರಡೂ ಹುಬ್ಬಿಗೆ ಸೇರಿ ಒಂದು ಅಕ್ಕಿಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿಯನ್ನು ಸವರಬೇಕು. ಹತ್ತು ದಿನ ಬೆವರು, ಬಿಸಿಲು, ಒಲೆಯ ಹಬೆ, ಸಮುದ್ರ, ಸೋಪು, ಮೇಕಪ್ ತಾಗಬಾರದು. ಕೆರೆಯಬಾರದು, ಕೀಳಬಾರದು. ಅದನ್ನೇ ಅಚ್ಚು ಹಾಕಿಸಿದ ಕಾರ್ಡು ಕೊಟ್ಟೆ. ಆ ಕಾರ್ಡು ಇಂಗ್ಲಿಷಿನಲ್ಲಿತ್ತು. ಶಿಕ್ಷಕಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಆದರೆ ಅವರ ಗಾಯವನ್ನು ಮುಂದಿನ ಹತ್ತು ದಿನ ಹತ್ತಿರದಿಂದ ನೋಡಲಿದ್ದ ಅತ್ತೆಗೆ ಬರುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಆ ಕಾರ್ಡಿನಲ್ಲಿ ಮಾಡಬೇಕಾದದ್ದು, ಮಾಡಬಾರದ್ದು ಎಲ್ಲವೂ ಇತ್ತು. ಯಾವ ದಿನ ಕನ್ನಡಿಯಲ್ಲಿ ಏನು ಕಾಣುತ್ತದೆ ಎಂಬುದು ಒಂದು ಸಾಲೂ ಇರಲಿಲ್ಲ.

ಮಾಯುವ ಹಂತಗಳು ನೋಡುವವರಿಗೆ ಗಾಬರಿ ಹುಟ್ಟಿಸುವಂತಹವು. ಮೊದಲ ಒಂದೆರಡು ದಿನ ಕೆಂಪು, ಸಣ್ಣ ಊತ. ಮೂರು ನಾಲ್ಕನೆಯ ದಿನಕ್ಕೆ ಬಣ್ಣ ಎಷ್ಟು ಕಡುವಾಗುತ್ತದೆಂದರೆ ಕಾಡಿಗೆ ಬಳಿದಂತೆ ಕಾಣುತ್ತದೆ. ಐದರಿಂದ ಹತ್ತನೆಯ ದಿನದ ನಡುವೆ ತೆಳು ಹಕ್ಕಳೆ ಪುಡಿಪುಡಿಯಾಗಿ ಉದುರುತ್ತದೆ, ತುರಿಕೆಯೂ ಇರುತ್ತದೆ. ಎರಡು ಮೂರನೆಯ ವಾರದಲ್ಲಿ ಹುಬ್ಬೇ ಮಾಯವಾದಂತೆ ಮಸುಕಾಗುತ್ತದೆ: ಹೊಸದಾಗಿ ಕಟ್ಟಿದ ಮೇಲ್ಪದರ ಇನ್ನೂ ಮಬ್ಬಾಗಿರುವುದರಿಂದ ಅಡಿಯ ಬಣ್ಣ ಮೇಲೆ ತೋರುವುದಿಲ್ಲ. ನಾಲ್ಕರಿಂದ ಆರನೆಯ ವಾರದೊಳಗೆ ಬಣ್ಣ ನಿಧಾನವಾಗಿ ಮರಳುತ್ತದೆ. ಇವೆಲ್ಲ ನನಗೆ ಬಾಯಿಪಾಠವಾಗಿದ್ದವು, ಆದ್ದರಿಂದಲೇ ಹೇಳಬೇಕೆಂದು ತೋಚಲಿಲ್ಲ.

ಮೂರನೆಯ ದಿನದ ಒಂದು ಉತ್ತರ

ಮೂರನೆಯ ದಿನ ಮಧ್ಯಾಹ್ನ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೋ ಬಂತು, ಜೊತೆಗೆ ಪ್ರಶ್ನೆ: ‘ಮೇಡಂ, ತುಂಬ ಕಪ್ಪಾಗಿದೆ, ಹೀಗೇ ಇರುತ್ತದಾ?’ ಆಗ ನಾನು ಬೇರೊಬ್ಬರ ಕೆಲಸದ ನಡುವೆ ಇದ್ದೆ. ‘ನಾರ್ಮಲ್ ಅಕ್ಕ, ಭಯಪಡಬೇಡಿ’ ಎಂದು ಬರೆದು ಹೆಬ್ಬೆರಳಿನ ಚಿತ್ರ ಹಾಕಿದೆ. ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವರು ಕೇಳಿದ್ದು ಬಣ್ಣದ ಬಗ್ಗೆ ಮಾತ್ರವಲ್ಲ ಎಂಬುದು ತಿಂಗಳುಗಳ ನಂತರ ಅವರೇ ಹೇಳಿದಾಗ ತಿಳಿಯಿತು. ಮನೆಯಲ್ಲಿ ಎಲ್ಲರೂ ‘ಇದೇನಿದು’ ಎನ್ನುತ್ತಿದ್ದರು. ತಾನು ದುಡ್ಡು ಕೊಟ್ಟು ಮುಖ ಕೆಡಿಸಿಕೊಂಡೆನೇ ಎಂಬ ಸಂಕಟ ಅವರನ್ನು ತಿನ್ನುತ್ತಿತ್ತು. ನಾರ್ಮಲ್ ಎಂಬ ಪದ ಅವರ ಬಾಯಿ ಮುಚ್ಚಿಸಿತು. ಮುಂದಿನ ಮೂರು ದಿನ ಅವರು ನನ್ನನ್ನು ಏನನ್ನೂ ಕೇಳಲಿಲ್ಲ.

ನಾನು ಬಿಟ್ಟ ಜಾಗಕ್ಕೆ ಅತ್ತೆ ಬಂದರು. ಅವರ ಮುಂಗೈಯಲ್ಲಿ ಹುಡುಗಿಯಾಗಿದ್ದಾಗ ಹಾಕಿಸಿದ ಹಚ್ಚೆಯಿತ್ತು. ‘ನಮಗೆ ಕೊರವಂಜಿ ಹಚ್ಚೆ ಹಾಕಿದಾಗ ಎಣ್ಣೆ ಅರಿಶಿನ ಬಿಟ್ಟು ಬೇರೇನು ಹಚ್ಚಿದ್ದೆವು’ ಎಂದು ಅವರು ಮೂರನೆಯ ರಾತ್ರಿಯಿಂದ ತೆಂಗಿನೆಣ್ಣೆಯಲ್ಲಿ ಕಲಸಿದ ಅರಿಶಿನವನ್ನು ಹುಬ್ಬಿನ ಮೇಲೆ ದಪ್ಪಗೆ ಹಚ್ಚತೊಡಗಿದರು. ನಂಜಾದೀತೆಂದು ಬದನೆಕಾಯಿ, ಸಿಗಡಿ ಎರಡನ್ನೂ ನಿಲ್ಲಿಸಿದರು. ಇದನ್ನು ಮೌಢ್ಯವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗಾಯ ಮಾಯುವಾಗ ಮನೆಯ ಹಿರಿಯರು ಗಮನವಿಟ್ಟು ನೋಡಿಕೊಳ್ಳಬೇಕು ಎಂಬ ಅರಿವು ಅದರಲ್ಲಿದೆ, ಮತ್ತು ಆ ಹೊತ್ತಿಗೆ ಅವರಷ್ಟು ಗಮನವನ್ನು ನಾನು ಕೊಟ್ಟಿರಲಿಲ್ಲ. ತೊಂದರೆ ಇದ್ದದ್ದು ವಸ್ತುವಿನಲ್ಲಿ. ದಿನವೂ ಬೆರಳು ಅದ್ದುವ ಎಣ್ಣೆಬಾಟಲಿ ಮತ್ತು ಅಡಿಗೆಮನೆಯ ಅರಿಶಿನ ತೆರೆದ ಗಾಯಕ್ಕೆ ತಕ್ಕಷ್ಟು ಶುದ್ಧವಲ್ಲ. ಅರಿಶಿನಕ್ಕೆ ಅಲರ್ಜಿ ಆಗುವವರೂ ಇದ್ದಾರೆ. ಮೇಲಾಗಿ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ, ಬೆಳಗಿನ ಅಡಿಗೆಯ ಹಬೆಯಲ್ಲಿ, ಜೆಲ್ಲಿ, ಎಣ್ಣೆ, ಅರಿಶಿನ ಮೂರೂ ಸೇರಿ ಒಂದು ಮುಚ್ಚಳವಾದವು. ಅದರಡಿ ಬೆವರು ನಿಂತಿತು. ತೆಳ್ಳಗೆ ಒಣಗಿ ಉದುರಬೇಕಿದ್ದ ಹಕ್ಕಳೆ ನೆನೆದು, ಉಬ್ಬಿ, ದಪ್ಪಗಾಯಿತು.

ಆರನೆಯ ದಿನ ಬೆಳಿಗ್ಗೆ ಮುಖ ತೊಳೆದು ಅಭ್ಯಾಸಬಲದಿಂದ ಬೈರಾಸಿನಲ್ಲಿ ಒರೆಸಿಕೊಂಡಾಗ ಎಡ ತುದಿಯ ಹಕ್ಕಳೆ ಬೈರಾಸಿನ ನೂಲಿಗೆ ಸಿಕ್ಕಿ ಪೂರ್ತಿ ಕಿತ್ತುಬಂತು. ಅವರು ಆಗ ತೆಗೆದ ಫೋಟೋವನ್ನು ನಾನು ನೋಡಿದ್ದು ವಾರದ ನಂತರ: ಅಕ್ಕಿಕಾಳಿನ ಉದ್ದದ ಒಂದು ತುಂಡು, ಒಳಮೈಯಲ್ಲಿ ನನ್ನ ಗೆರೆಗಳು ಸಾಲಾಗಿ ಕಂದು ಬಣ್ಣದಲ್ಲಿ ಕೂತಿವೆ, ಬಾಚಣಿಗೆಯ ಹಲ್ಲುಗಳಂತೆ. ಬಣ್ಣ ಚರ್ಮ ಬಿಟ್ಟು ಹಕ್ಕಳೆಯೊಂದಿಗೆ ಬಂದಿತ್ತು.

ಹಸಿರು ಅಂಚಿನ ಟ್ಯೂಬು

ನನಗೆ ಹೇಳಲು ಅವರಿಗೆ ಸಂಕೋಚವಾಯಿತು. ‘ಕೀಳಬೇಡಿ ಎಂದು ನೀವು ಹೇಳಿದ್ದಿರಿ, ನಾನೇ ಕಿತ್ತೆ ಎಂದುಕೊಳ್ಳುತ್ತೀರಿ ಅನಿಸಿತು’ ಎಂದರು ನಂತರ. ಮನೆಯ ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿ ಗಾಯಕ್ಕೆ ಏನಾದರೂ ಕೊಡಿ ಎಂದು ಕೇಳಿದರು. ಅಲ್ಲಿ ಸಿಕ್ಕಿದ್ದು ಹಸಿರು ಅಂಚಿನ ಒಂದು ಟ್ಯೂಬು. ಅದರಲ್ಲಿ ಪ್ರಬಲ ಸ್ಟೀರಾಯ್ಡ್, ಶಿಲೀಂಧ್ರನಾಶಕ ಮತ್ತು ನಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಮೂರೂ ಇದ್ದವು. ಸ್ಟೀರಾಯ್ಡ್ ಇರುವ ಹಲವು ಮುಲಾಮುಗಳನ್ನು ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಶೆಡ್ಯೂಲ್ ಎಚ್‌ಗೆ ಸೇರಿಸಿ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿದೆ. ಆದರೂ ಮೊಡವೆ, ಗಜಕರ್ಣ, ಕಲೆ ಎಲ್ಲಕ್ಕೂ ಇದೇ ಜಾತಿಯ ಟ್ಯೂಬುಗಳು ಕೌಂಟರಿನ ಮೇಲೆ ಕೈಬದಲಾಗುವುದನ್ನು ನಮ್ಮ ವೃತ್ತಿಯವರು ವಾರಕ್ಕೊಮ್ಮೆಯಾದರೂ ಕಾಣುತ್ತೇವೆ.

ಆರನೆಯ ದಿನದಿಂದ ಒಂಬತ್ತನೆಯ ದಿನದವರೆಗೆ ಅವರು ಎರಡೂ ಹುಬ್ಬಿಗೆ ಅದನ್ನು ಹಚ್ಚಿದರು. ಕೆಂಪು ಇಳಿಯಿತು, ತುರಿಕೆ ನಿಂತಿತು. ಎಂಟನೆಯ ದಿನ ಅವರಿಂದ ‘ಈಗ ಪರವಾಗಿಲ್ಲ ಮೇಡಂ’ ಎಂಬ ಸಂದೇಶ ಬಂದಾಗ ನಾನು ನೆಮ್ಮದಿಯಿಂದ ಅದನ್ನೂ ಹೆಬ್ಬೆರಳಿನಿಂದ ಮುಗಿಸಿದೆ. ಏನು ಹಚ್ಚುತ್ತಿದ್ದೀರಿ ಎಂದು ಕೇಳಿದ್ದರೆ ಪ್ರಕರಣ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಸ್ಟೀರಾಯ್ಡ್ ಉರಿಯೂತವನ್ನು ಅದುಮಿಡುತ್ತದೆ, ಆ ಉರಿಯೂತದ ಕಾರಣವನ್ನಲ್ಲ. ಗಾಯ ಕೂಡುವ ಕೆಲಸವನ್ನೂ ಅದು ನಿಧಾನ ಮಾಡುತ್ತದೆ. ವಾಸಿಯಾಯಿತೆಂದು ಭಾವಿಸಿ ಅವರು ಒಂಬತ್ತನೆಯ ದಿನ ಟ್ಯೂಬನ್ನು ಬಿಟ್ಟರು.

ಹನ್ನೊಂದನೆಯ ದಿನ ಬೆಳಿಗ್ಗೆ ಬಂದದ್ದು ಸಂದೇಶವಲ್ಲ, ಫೋನು. ಎರಡೂ ಹುಬ್ಬು ಕೆಂಡದಂತೆ ಕೆಂಪಾಗಿ, ನೀರು ಒಸರಿ, ಮೇಲಿನ ಕಣ್ಣರೆಪ್ಪೆಗಳು ಊದಿಕೊಂಡಿದ್ದವು. ರಾತ್ರಿಯಿಡೀ ತುರಿಕೆಯಿಂದ ನಿದ್ದೆಯಿರಲಿಲ್ಲ. ಈ ಸಲ ಫೋಟೋ ಕಳಿಸಿ ಎನ್ನಲಿಲ್ಲ, ಸ್ಟುಡಿಯೋಗೆ ಬನ್ನಿ ಎಂದೆ. ಹಚ್ಚಿದ ವಸ್ತುಗಳನ್ನೆಲ್ಲ ತನ್ನಿ ಎಂದೂ ಹೇಳಿದೆ. ಅವರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೆಲ್ಲಿಯ ಡಬ್ಬಿ, ಅರಿಶಿನದ ಬಟ್ಟಲು, ಆ ಟ್ಯೂಬು ಮೂರನ್ನೂ ತಂದು ಮೇಜಿನ ಮೇಲಿಟ್ಟರು.

ಇಲ್ಲಿ ನೋಡುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಮೂರು ಬೇರೆ ಬೇರೆ ತೊಂದರೆಗಳು ದೂರದಿಂದ ಒಂದೇ ಆಗಿ ಕಾಣುತ್ತವೆ. ಸೋಂಕಾಗಿದ್ದರೆ ಸಾಮಾನ್ಯವಾಗಿ ನೋವು ಮುಂದೆ, ತುರಿಕೆ ಹಿಂದೆ. ಜಾಗ ಬಿಸಿಯಾಗಿರುತ್ತದೆ, ಒಸರುವುದು ಹಳದಿ ಕೀವು, ಕೆಲವೊಮ್ಮೆ ಜ್ವರವೂ ಬರುತ್ತದೆ, ಮತ್ತು ಗಾಯ ಹೆಚ್ಚಾದ ಒಂದು ಕಡೆಯಲ್ಲೇ ಅದು ಜೋರಾಗಿರುತ್ತದೆ. ಬಣ್ಣಕ್ಕೇ ಅಲರ್ಜಿಯಾಗಿದ್ದರೆ ಉಬ್ಬು ಬಣ್ಣ ಕೂತ ಗೆರೆಗಳನ್ನೇ ಹಿಡಿದು ನಿಲ್ಲುತ್ತದೆ. ಶಿಕ್ಷಕಿಯ ಮುಖದಲ್ಲಿ ಎರಡೂ ಕಡೆ ಸಮವಾಗಿ, ಗೆರೆಗಳ ಗಡಿ ದಾಟಿ, ಹಣೆಯ ಕಡೆಗೆ ಬೆರಳಿನಗಲ ಹರಡಿತ್ತು. ಬೆರಳಿನಿಂದ ಮುಲಾಮು ಸವರಿದ ಜಾಗದ ಆಕಾರವೇ ಅದು. ನೋವು ಕಡಿಮೆ, ತುರಿಕೆ ವಿಪರೀತ. ಹಚ್ಚಿದ ಯಾವುದೋ ವಸ್ತುವಿನ ಅಲರ್ಜಿ ಎಂದು ನನಗೆ ಅನಿಸಿತು. ಅನಿಸಿದ್ದನ್ನು ಹೇಳಿ ಮನೆಗೆ ಕಳಿಸುವ ಅಧಿಕಾರ ನನಗಿಲ್ಲ. ಕಣ್ಣಿನ ಇಷ್ಟು ಹತ್ತಿರ ಒಸರುತ್ತಿರುವ ಚರ್ಮ ಚರ್ಮವೈದ್ಯರದು. ಅಂದೇ ಮಧ್ಯಾಹ್ನ ಅವರನ್ನು ಕರೆದುಕೊಂಡು ಹೋದೆ, ಜೊತೆಗೆ ನಾನು ಬಳಸಿದ ಬಣ್ಣದ ಬಾಟಲಿ, ಬ್ಯಾಚ್ ಸಂಖ್ಯೆ, ನನ್ನ ದಾಖಲೆಯ ಪ್ರತಿ. ನಮ್ಮ ಕೆಲಸ ಕೆಟ್ಟಿತೆಂದು ವೈದ್ಯರೆದುರು ಒಪ್ಪಿಕೊಳ್ಳಲು ಹಿಂಜರಿಯುವ ಸಹವೃತ್ತಿಯವರು ಬಹಳ ಮಂದಿ ಇದ್ದಾರೆ. ಆ ಹಿಂಜರಿಕೆ ನನ್ನಲ್ಲೂ ಇತ್ತು, ದಾರಿಯುದ್ದಕ್ಕೂ.

ವೈದ್ಯರು ಟ್ಯೂಬನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ಶಿಕ್ಷಕಿಗೆ ಕೇಳಿದ ಮೊದಲ ಪ್ರಶ್ನೆ: ‘ಮನೆಯಲ್ಲಿ ಸುಟ್ಟರೆ, ಕೊಯ್ದರೆ ಏನು ಹಚ್ಚುತ್ತೀರಿ?’ ಅವರು ಒಂದು ಮುಲಾಮಿನ ಹೆಸರು ಹೇಳಿದರು. ‘ಹಚ್ಚಿದಾಗ ತುರಿಸಿದ್ದುಂಟೇ?’ ಹೌದು, ಎರಡು ವರ್ಷದ ಹಿಂದೆ ಕುಕ್ಕರಿನ ಹಬೆ ತಾಗಿ ಕೈ ಸುಟ್ಟಾಗ ಅದನ್ನು ಹಚ್ಚಿದ ಮೇಲೆ ಗಾಯದ ಸುತ್ತ ಗುಳ್ಳೆ ಎದ್ದಿದ್ದವು. ಸುಟ್ಟದ್ದರಿಂದ ಹಾಗಾಯಿತು ಎಂದುಕೊಂಡಿದ್ದರು. ಅದರಲ್ಲಿಯೂ ನಿಯೋಮೈಸಿನ್ ಇತ್ತು. ನನ್ನ ಅರ್ಜಿಯಲ್ಲಿ ಅಲರ್ಜಿ ಎಂದು ಓದಿದಾಗ ಅವರ ಮನಸ್ಸಿಗೆ ಬಂದದ್ದು ತಿನ್ನುವ ಪದಾರ್ಥಗಳು. ನಿಯೋಮೈಸಿನ್ ಚರ್ಮದ ಅಲರ್ಜಿಗೆ ಎಷ್ಟು ಹೆಸರಾಗಿದೆಯೆಂದರೆ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2010ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತ್ತು.

ವೈದ್ಯರು ಹಚ್ಚುತ್ತಿದ್ದ ಎಲ್ಲವನ್ನೂ ನಿಲ್ಲಿಸಿದರು. ದಿನಕ್ಕೆ ಕೆಲವು ಸಲ ತಂಪು ಸಲೈನ್‌ನಲ್ಲಿ ಅದ್ದಿದ ಗಾಜ್ ಇಡುವುದು, ಒಣಗಿದ ಮೇಲೆ ಹೊಸ ಡಬ್ಬಿಯಿಂದ ಪೆಟ್ರೋಲಿಯಂ ಜೆಲ್ಲಿಯ ತೆಳು ಲೇಪ, ತುರಿಕೆಗೆ ರಾತ್ರಿ ಮಾತ್ರೆ, ಮತ್ತು ಅವರ ಉಸ್ತುವಾರಿಯಲ್ಲೇ ಕೆಲವು ದಿನಗಳ ಮಟ್ಟಿಗೆ ಒಂದು ಔಷಧ. ಕಣ್ಣರೆಪ್ಪೆಯ ಬಳಿ ಪ್ರಬಲ ಸ್ಟೀರಾಯ್ಡನ್ನು ಸುಮ್ಮನೆ ಮುಂದುವರಿಸಿದರೆ ಕಣ್ಣಿನ ಒತ್ತಡ ಏರುವ ಅಪಾಯವಿದೆ ಎಂದೂ ವಿವರಿಸಿದರು. ಎಡ ತುದಿಯಿಂದ ಸ್ವಾಬ್ ತೆಗೆದು ಪರೀಕ್ಷೆಗೆ ಕಳಿಸಿದರು, ರೋಗಾಣು ಬೆಳೆಯಲಿಲ್ಲ. ನನಗೆ ಮಾತ್ರ ಒಂದು ಎಚ್ಚರಿಕೆ ಕೊಟ್ಟರು: ವಾರಗಳು ಕಳೆದ ಮೇಲೆ ಗೆರೆಗಳ ಮೇಲೆ ಸಣ್ಣ ಗಟ್ಟಿ ಗಂಟುಗಳು ಎದ್ದರೆ ಉದಾಸೀನ ಮಾಡಬಾರದು. 2012ರ ಹೊತ್ತಿಗೆ ಅಮೆರಿಕದ ರಾಚೆಸ್ಟರ್ ನಗರದಲ್ಲಿ ಹಚ್ಚೆ ಹಾಕಿಸಿಕೊಂಡ 19 ಮಂದಿಗೆ ಮೈಕೋಬ್ಯಾಕ್ಟೀರಿಯಂ ಚೆಲೋನೇ ಎಂಬ ಸೂಕ್ಷ್ಮಾಣುವಿನ ಸೋಂಕು ತಗುಲಿದಾಗ ಅದರ ಮೂಲ ಮೊದಲೇ ಬೆರೆಸಿಟ್ಟ ಬೂದು ಬಣ್ಣದ ಶಾಯಿಯಾಗಿತ್ತು. ನೀರಿನಲ್ಲಿ ಬದುಕುವ ಇಂತಹ ಸೂಕ್ಷ್ಮಾಣುಗಳಿಂದಾಗಿಯೇ ಬಣ್ಣ ತೆಳುಗೊಳಿಸಲು ನಲ್ಲಿ ನೀರನ್ನು ಮುಟ್ಟಬಾರದು, ಗಾಯ ಒರೆಸಲು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು ಎನ್ನುವುದು.

ಕಾಯುವುದೇ ತೀರ್ಮಾನ

ಹದಿನೆಂಟನೆಯ ದಿನಕ್ಕೆ ಚರ್ಮ ಶಾಂತವಾಗಿತ್ತು. ಆದರೆ ಮಸುಕಿನ ಹಂತವೂ ಆಗಲೇ ಬಂದಿದ್ದರಿಂದ ಶಿಕ್ಷಕಿಗೆ ಕಂಡದ್ದು ಇಷ್ಟೇ: ಬಲ ಹುಬ್ಬು ಮಂಜಿನಲ್ಲಿ ಇಟ್ಟಂತೆ, ಎಡ ತುದಿ ನಸುಗೆಂಪಾಗಿ ಖಾಲಿ. ಅವರು ಕುರ್ಚಿಯಲ್ಲಿ ಕೂತು ಅತ್ತರು. ನಿಶ್ಚಿತಾರ್ಥಕ್ಕೆ ನಾಲ್ಕು ವಾರವೂ ಇರಲಿಲ್ಲ. ಎಡ ತುದಿಯನ್ನಷ್ಟೇ ಈಗಲೇ ತುಂಬಿಬಿಡಿ, ಉಳಿದದ್ದು ಆಮೇಲೆ ನೋಡೋಣ ಎಂದರು.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಕಷ್ಟವಾದ ಉತ್ತರ ಇದೇ. ಅವರಿಗೆ ಋಣಿಯಾಗಿದ್ದೇನೆ ಎಂಬ ಭಾವನೆ ಒಂದು ಕಡೆ, ಉಚಿತವಾಗಿ ಮಾಡಿಕೊಟ್ಟು ಮನಸ್ಸು ಹಗುರ ಮಾಡಿಕೊಳ್ಳುವ ಆಸೆ ಇನ್ನೊಂದು ಕಡೆ. ಮಾಡುವುದಿಲ್ಲ ಎಂದೆ. ಚರ್ಮದ ಮೇಲ್ಪದರ ಒಮ್ಮೆ ಪೂರ್ತಿ ಬದಲಾಗಲು ಸುಮಾರು 28 ದಿನ ಬೇಕು, ವಯಸ್ಸಾದಂತೆ ಅದು ಇನ್ನೂ ನಿಧಾನವಾಗುತ್ತದೆ. ಗಾಯದ ಮೇಲೆ ಅಲರ್ಜಿಯೂ ಆದ ಜಾಗಕ್ಕೆ ಆ ಲೆಕ್ಕವೂ ಸಾಲದು. ಎಳೆ ಚರ್ಮವನ್ನು ಮತ್ತೆ ಕೊರೆದರೆ ಬಣ್ಣ ನಿಲ್ಲುವುದಿಲ್ಲ, ಗುರುತು ನಿಲ್ಲುತ್ತದೆ. ಅವರು ಮುಖ ತಿರುಗಿಸಿಕೊಂಡು ಹೊರಟರು. ಅತ್ತೆ ಬಾಗಿಲ ಬಳಿ ನಿಂತು, ‘ಮಾಡುವುದಿಲ್ಲ ಎಂದಾದರೆ ಏನು ಮಾಡಬೇಕೆಂದು ನನಗೆ ಹೇಳಿ’ ಎಂದರು. ಅಂದು ಮೊದಲ ಸಲ ನಾನು ಆರೈಕೆಯನ್ನು ಕನ್ನಡದಲ್ಲಿ, ಕೂತು, ಮುಕ್ಕಾಲು ಗಂಟೆ ವಿವರಿಸಿದೆ, ಕೇಳಿದವರು ಅತ್ತೆ.

ಐದನೆಯ ವಾರ ಬಲ ಹುಬ್ಬಿನ ಹೆಚ್ಚಿನ ಗೆರೆಗಳು ಮರಳಿದವು. ಎಡ ತುದಿಯಲ್ಲಿ ಗೆರೆಗಳು ಬರಲಿಲ್ಲ. ಆ ಜಾಗದಲ್ಲಿ ಕಂದು ಕಲೆ ನಿಂತಿತು. ವೈದ್ಯರು ಚರ್ಮ ಮುಚ್ಚಿದೆ ಎಂದು ಖಾತರಿ ಮಾಡಿದ ಮೇಲೆ, ನಿಶ್ಚಿತಾರ್ಥದ ದಿನ ಹೊಸ ಪೆನ್ಸಿಲಿನಿಂದ ನಾನೇ ಹೋಗಿ ತುದಿ ತಿದ್ದಿದೆ. ಫೋಟೋಗಳಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಪೆನ್ಸಿಲು ಬಿಡಲೆಂದು ಬಂದವರಿಗೆ ಪೆನ್ಸಿಲನ್ನೇ ಹಚ್ಚಿದ್ದೆ ಎಂಬುದು ನನಗೆ ಮಾತ್ರ ಕುಟುಕುತ್ತಿತ್ತು.

ಕಂದು ಕಲೆಯ ಬಗ್ಗೆ ಎರಡು ಪ್ರಲೋಭನೆಗಳಿದ್ದವು. ಒಂದು, ಕಲೆಯ ಮೇಲೆಯೇ ಹುಬ್ಬಿನ ಬಣ್ಣ ಕೂರಿಸಿ ಮುಚ್ಚುವುದು. ಆದರೆ ಉರಿಯೂತದ ಕಲೆ ತಿಂಗಳುಗಳಲ್ಲಿ ತಾನಾಗಿ ತಿಳಿಯಾಗುವಂತಹದು, ಅದು ತಿಳಿಯಾದ ಮೇಲೆ ಅದಕ್ಕೆ ಹೊಂದಿಸಿ ಕೂರಿಸಿದ ಬಣ್ಣ ಒಂಟಿಯಾಗಿ, ಬೇರೆ ಛಾಯೆಯಲ್ಲಿ ಉಳಿಯುತ್ತದೆ. ಇನ್ನೊಂದು, ಚರ್ಮದ ಬಣ್ಣದ ವರ್ಣಕದಿಂದ ಅಂಚು ಮರೆಮಾಚುವುದು. ಅಂತಹ ವರ್ಣಕಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ. ಮುಂದೊಮ್ಮೆ ಲೇಸರಿನಿಂದ ತೆಗೆಯಲು ಹೋದರೆ ಅದು ಬೂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಬಹುದು, ಹುಬ್ಬಿನ ಕಂದು ವರ್ಣಕದಲ್ಲಿರುವ ಐರನ್ ಆಕ್ಸೈಡಿನದೂ ಇದೇ ಗುಣ. ಎರಡನ್ನೂ ಬಿಟ್ಟೆವು. ಸನ್‌ಸ್ಕ್ರೀನ್, ಕೊಡೆ, ಮತ್ತು ಮಳೆಗಾಲ. ಜೂನ್‌ನಲ್ಲಿ ಕರಾವಳಿಗೆ ಮೋಡ ಕವಿದದ್ದು ಆ ವರ್ಷ ನಮ್ಮ ಪಾಲಿಗೆ ಔಷಧದಂತೆಯೇ ಆಯಿತು.

ಈ ನಡುವೆ ವೈದ್ಯರು ಬೆನ್ನಿನ ಮೇಲೆ ಪ್ಯಾಚ್ ಪರೀಕ್ಷೆ ಮಾಡಿದರು, ಅಂದರೆ ಅಲರ್ಜಿ ತರಬಹುದಾದ ವಸ್ತುಗಳನ್ನು ಪಟ್ಟಿಯಲ್ಲಿಟ್ಟು ಚರ್ಮಕ್ಕೆ ಅಂಟಿಸಿದರು. ಪಟ್ಟಿಯನ್ನು 48 ಗಂಟೆಗಳ ನಂತರ ತೆಗೆದು ನೋಡಿದಾಗ ಸ್ಪಷ್ಟವಾಗಿ ಏನೂ ಇರಲಿಲ್ಲ. 96 ಗಂಟೆಗಳಿಗೆ ನಿಯೋಮೈಸಿನ್ ಇಟ್ಟ ಜಾಗ ಕೆಂಪಗೆ ಉಬ್ಬಿತ್ತು. ನಾನು ಕಿವಿಯ ಹಿಂದೆ ಮಾಡುವ ಪರೀಕ್ಷೆ ನಾನು ಬಳಸುವ ವಸ್ತುಗಳಿಗೆ ಸೀಮಿತ. ಮನೆಯಲ್ಲಿ ಯಾರು ಏನು ಹಚ್ಚುತ್ತಾರೆ ಎಂಬುದು ಅದರಲ್ಲಿ ಸಿಕ್ಕುವುದಿಲ್ಲ.

ಎರಡನೆಯ ಕೂರಿಕೆ

ಹದಿನೈದನೆಯ ವಾರ, ಜುಲೈ ಕೊನೆಗೆ, ಟಚ್‌ಅಪ್ ಮಾಡಿದೆ. ಬಲಗಡೆ ಕೆಲವೇ ಗೆರೆ. ಎಡ ತುದಿಯಲ್ಲಿ ಬ್ಲೇಡನ್ನು ಬಳಸಲಿಲ್ಲ. ಒಮ್ಮೆ ಹರಿದ ಚರ್ಮದಲ್ಲಿ ಗೆರೆ ಚೂಪಾಗಿ ನಿಲ್ಲುವುದಿಲ್ಲ. ಯಂತ್ರದ ಒಂಟಿ ಸೂಜಿಯಿಂದ ಹಗುರವಾಗಿ ಚುಕ್ಕೆಗಳನ್ನಿಟ್ಟು ಪುಡಿ ಉದುರಿಸಿದಂತಹ ಛಾಯೆ ಕೊಟ್ಟೆ, ಒಂದೇ ಸಲ. ಇನ್ನೂ ತುಸು ಗಾಢವಾಗಬಹುದಿತ್ತು ಎನಿಸಿದಾಗ ಯಂತ್ರವನ್ನು ಕೆಳಗಿಟ್ಟೆ.

ಅತ್ತೆ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಅವರ ಕೈಗೆ ಒಂದು ಪೊಟ್ಟಣ ಕೊಟ್ಟೆ: ಸಲೈನ್, ಬಿಡಿಬಿಡಿಯಾಗಿ ಕಟ್ಟಿದ ಗಾಜ್, ಪುಟ್ಟ ಡಬ್ಬಿಯಲ್ಲಿ ಜೆಲ್ಲಿ, ಬೆರಳಿನ ಬದಲು ಹತ್ತಿ ಕಡ್ಡಿಗಳು. ಮುಖಕ್ಕೆ ಹತ್ತು ದಿನ ಬೈರಾಸು ಬೇಡ, ಹಳೆಯ ಮೆತ್ತನೆಯ ಪಂಚೆಯನ್ನು ಕುದಿಸಿ ಒಣಗಿಸಿದ ತುಂಡಾಗಲಿ ಎಂದು ಸೂಚಿಸಿದವರು ಅವರೇ. ನನ್ನ ಪಟ್ಟಿಯಲ್ಲಿ ಅದಿರಲಿಲ್ಲ, ಈಗ ಇದೆ. ಬದನೆಕಾಯಿಯ ವಿಷಯದಲ್ಲಿ ನಾವು ಜಗಳವಾಡಲಿಲ್ಲ. ತಿನ್ನದಿದ್ದರೆ ಹುಬ್ಬಿಗೆ ನಷ್ಟವಿಲ್ಲ. ಮೂರು, ಏಳು, ಹದಿನಾಲ್ಕನೆಯ ದಿನ ನಾನೇ ಫೋನು ಮಾಡಿದೆ. ‘ಹೇಗಿದೆ’ ಎಂದು ಕೇಳುವುದನ್ನು ಬಿಟ್ಟು ‘ಇವತ್ತು ಏನು ಹಚ್ಚಿದಿರಿ, ಎಷ್ಟು ಹಚ್ಚಿದಿರಿ, ತುರಿಕೆ ಹೆಚ್ಚೋ ನೋವು ಹೆಚ್ಚೋ’ ಎಂದು ಕೇಳಿದೆ. ಏಳನೆಯ ದಿನ ಹಕ್ಕಳೆ ತಲೆದಿಂಬಿನ ಮೇಲೆ ಮೆಣಸಿನ ಪುಡಿಯಷ್ಟು ಸಣ್ಣದಾಗಿ ಉದುರಿತ್ತಂತೆ.

ಸ್ಟುಡಿಯೋದ ಕೆಲಸದಲ್ಲಿ ಬದಲಾದದ್ದು ಹೆಚ್ಚೇನಿಲ್ಲ. ಕಾರ್ಡು ಈಗ ಕನ್ನಡದಲ್ಲಿದೆ, ಅದರಲ್ಲಿ ಒಪ್ಪಿಗೆ ಪಡೆದ ಒಬ್ಬರ ಹುಬ್ಬಿನ ಆರು ಫೋಟೋಗಳಿವೆ: ಒಂದು, ಮೂರು, ಏಳು, ಹದಿನಾಲ್ಕು, ಇಪ್ಪತ್ತೆಂಟು, ನಲವತ್ತೆರಡನೆಯ ದಿನದವು. ಬಿಳಿಚಿದ ಹದಿನಾಲ್ಕನೆಯ ದಿನದ ಫೋಟೋವನ್ನು ಸೇರಿಸಬೇಡಿ, ನೋಡಿದವರು ಓಡಿಹೋಗುತ್ತಾರೆ ಎಂದು ನನ್ನ ಸಹಾಯಕಿ ಹೇಳಿದಳು. ಒಬ್ಬರು ನಿಜಕ್ಕೂ ಮನಸ್ಸು ಬದಲಿಸಿ ಹೋದರು. ಅರ್ಜಿಯಲ್ಲಿ ಅಲರ್ಜಿಯ ಪ್ರಶ್ನೆ ತೆಗೆದು ಎರಡು ಸಾಲು ಹಾಕಿದ್ದೇನೆ: ಮನೆಯಲ್ಲಿ ಗಾಯಕ್ಕೆ ಹಚ್ಚುವ ಮುಲಾಮು ಯಾವುದು, ಅದರ ಟ್ಯೂಬಿನ ಹಿಂಬದಿಯ ಫೋಟೋ ತನ್ನಿ, ಹಚ್ಚಿದಾಗ ಎಂದಾದರೂ ತುರಿಸಿದೆಯೇ. ಸಮಾರಂಭಕ್ಕೆ ಎಂಟು ವಾರಕ್ಕಿಂತ ಕಡಿಮೆ ಇದ್ದರೆ ಮೊದಲ ಕೂರಿಕೆಯನ್ನು ಒಪ್ಪಿಕೊಳ್ಳುವುದಿಲ್ಲ. ಇದರಿಂದ ಮದುವೆ ಸೀಸನ್ನಿನಲ್ಲಿ ಗಿರಾಕಿಗಳು ಕಡಿಮೆಯಾಗಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ.

ಎಡ ತುದಿಯ ಬಣ್ಣ ಹೋದದ್ದು ನನ್ನ ಮೂರನೆಯ ಎಳೆತದಿಂದಲೋ, ನೆನೆದ ಹಕ್ಕಳೆಯಿಂದಲೋ, ಅಲರ್ಜಿಯಿಂದಲೋ ಎಂದು ಶಿಕ್ಷಕಿ ಒಮ್ಮೆ ಕೇಳಿದ್ದರು. ಬಲಗಡೆಗೂ ಅದೇ ಅರಿಶಿನ, ಅದೇ ಟ್ಯೂಬು ತಾಗಿತ್ತು, ಅಲ್ಲಿ ಗೆರೆಗಳು ಉಳಿದಿವೆ. ಹೀಗಾಗಿ ಮೊದಲ ಸಂಶಯ ನನ್ನ ಕೈಮೇಲೆಯೇ ಬರುತ್ತದೆ ಎಂದೆ. ನವೆಂಬರಿನಲ್ಲಿ ನೋಡಿದಾಗ ಕಂದು ಕಲೆ ತಿಳಿಯಾಗಿ, ಎರಡೂ ಹುಬ್ಬು ಎದುರಿನಿಂದ ಒಂದೇ ಬಗೆಯಾಗಿ ಕಾಣುತ್ತಿದ್ದವು. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಎಡ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಹೊಳಪಿನ ಗೆರೆಯೊಂದು ಮಿನುಗುತ್ತದೆ. ಮುಂದಿನ ಬಾರಿ ಬಣ್ಣ ತಿದ್ದಿಸಲು ಅವರು ಬೇಸಿಗೆ ರಜೆಯನ್ನು ಬಿಟ್ಟು ಕ್ರಿಸ್‌ಮಸ್ ರಜೆಯಲ್ಲಿ ದಿನ ಕೇಳಿದ್ದಾರೆ, ಇಬ್ಬರಿಗೆ ಸೀಟು ಇರಲಿ ಎಂದೂ ಹೇಳಿದ್ದಾರೆ, ಅತ್ತೆಯೂ ಬರುತ್ತಾರೆ.